ದೀಪ ಹಚ್ಚುವ ಹೊತ್ತಿನ ದೆವ್ವದ ಪಿಟೀಲು

ದೆವ್ವದ ಸಿನಿಮಾದಲ್ಲಿ ಹೆದರಿಸುವ ಕೆಲಸ ನಮ್ಮದು. ಈ ಮಾತನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಕೂದಲು ಕೆದರಿಕೊಂಡು, ಕಣ್ಣಿಗೆ ಮಸಿ ಬಳಿದುಕೊಂಡು ನಿಂತ ಆ ಹುಡುಗಿಯನ್ನು ಸದ್ದು ಪೂರ್ತಿ ಬಂದ್ ಮಾಡಿ ನೋಡಿ. ಪಾಪ, ಊಟ ಆಯಿತೇನಮ್ಮಾ ಎಂದು ಕೇಳಬೇಕು ಅನ್ನಿಸುತ್ತದೆ. ಅವಳ ಬೆನ್ನ ಹಿಂದೆ ನಾವು ಏಳೆಂಟು ಜನ ಪಿಟೀಲಿನ ಮೇಲೆ ಕಮಾನು ಎಳೆದ ಮೇಲೆಯೇ ನೀವು ಪಕ್ಕದವರ ತೋಳು ಹಿಡಿದುಕೊಳ್ಳುವುದು. ಹಾಗೆ ಎಳೆಯುವಾಗ ನಾವು ಚಪ್ಪಲಿ ಬಿಟ್ಟು, ಕುರ್ಚಿಯ ಕೆಳಗೆ ಬಾಳೆಹಣ್ಣಿನ ಸಿಪ್ಪೆ ಇಟ್ಟುಕೊಂಡು, ಊಟದ ಹೊತ್ತು ಯಾವಾಗ ಆಗುತ್ತದೋ ಎಂದು ಕಾಯುತ್ತಿರುತ್ತೇವೆ.

ನಮ್ಮ ಸ್ಟುಡಿಯೋ ಇರುವುದು ಪೀಣ್ಯದ ಒಂದು ಶೆಡ್ಡಿನಲ್ಲಿ. ಮೊದಲು ಅದು ರಟ್ಟಿನ ಡಬ್ಬಗಳ ಗೋಡೌನು. ಗೋಡೆಗೆಲ್ಲ ಸ್ಪಂಜು ಬಡಿದು, ಬಾಗಿಲಿಗೆ ಹಳೆಯ ಹಾಸಿಗೆ ಕಟ್ಟಿ ಸ್ಟುಡಿಯೋ ಮಾಡಿದ್ದಾರೆ. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ಸು ತಗಡು ಕತ್ತರಿಸುತ್ತದೆ. ಅದು ಒಂದು ಏಟು ಬಡಿದರೆ ನಮ್ಮ ಮೈಕು ಅಲ್ಲಾಡುತ್ತದೆ. ಅದಕ್ಕೇ ಆ ಪ್ರೆಸ್ಸಿಗೆ ರಜೆ ಇರುವ ಭಾನುವಾರ ನಮಗೆ ಕೆಲಸ. ಒಂದು ಸಲ ನುಡಿಸಿ, ಕುರ್ಚಿ ಬದಲಾಯಿಸಿ ಕೂತು, ಮತ್ತೆ ಅದನ್ನೇ ನುಡಿಸುತ್ತೇವೆ. ಹಾಗೆ ಪದರದ ಮೇಲೆ ಪದರ ಹಾಕಿ, ಕೊನೆಗೆ ದೊಡ್ಡ ಆರ್ಕೆಸ್ಟ್ರಾ ಕೂತು ನುಡಿಸಿದಂತೆ ಕೇಳುವ ಹಾಗೆ ಮಾಡುತ್ತಾರೆ.

ಸಂಗೀತ ನಿರ್ದೇಶಕ ಸಣಕಲು ಮನುಷ್ಯ. ಸೊಳ್ಳೆ ಕೂತರೂ ಊದಿ ಓಡಿಸುವವನೇ ಹೊರತು ಹೊಡೆಯುವವನಲ್ಲ. ಹೆಡ್‌ಫೋನಿನಲ್ಲಿ ಅವನ ಮೆತ್ತಗಿನ ದನಿ ಬರುತ್ತದೆ: "ಮೇಡಂ, ತುಂಬಾ ಚೆನ್ನಾಗಿದೆ. ಇನ್ನೊಂಚೂರು ಕೊಲೆ ಮಾಡ್ಬೇಕು." ಕೊಲೆ ಎಂದರೆ ಕಮಾನನ್ನು ತಿರುಗಿಸಿ ಅದರ ಕಟ್ಟಿಗೆಯಿಂದ ತಂತಿಯನ್ನು ಚಚ್ಚುವುದು. ತಂತಿಯನ್ನು ಬೆರಳಿಂದ ಮೇಲೆತ್ತಿ, ಬೆರಳೂರುವ ಪಟ್ಟಿಗೆ ಚಟೀರೆಂದು ಬಡಿಯುವಂತೆ ಬಿಡುವುದು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಆಚೆ, ಯಾವ ಮರ್ಯಾದಸ್ಥರೂ ಕಮಾನು ಇಡದ ಜಾಗದಲ್ಲಿ, ಇಟ್ಟು ತಿಕ್ಕುವುದು. ಒಬ್ಬೊಬ್ಬರೂ ಒಂದೊಂದು ಸ್ವರ ಹಿಡಿದು, ಯಾರಿಗೂ ಯಾರೂ ಕಾಯದೆ, ಮೇಲಕ್ಕೆ ಜಾರಿಕೊಂಡು ಹೋಗುವುದು. ನಾನು ಕಲಿತದ್ದು ಕರ್ನಾಟಕ ಸಂಗೀತ. ಒಂದು ಗಾಂಧಾರವನ್ನು ಸರಿಯಾಗಿ ಅಲುಗಾಡಿಸಲು ನಮ್ಮ ಮೇಷ್ಟ್ರು ಒಂದು ಇಡೀ ಬೇಸಿಗೆ ಬೈದಿದ್ದರು. ಇಲ್ಲಿ ಅಲುಗಾಡಿಸಿದರೆ, "ಗಮಕ ಬೇಡ ಮೇಡಂ, ಹೆಣದ ಥರ ನೆಟ್ಟಗಿರ್ಲಿ" ಎನ್ನುತ್ತಿದ್ದ.

ನನಗೆ ಆ ಕೆಲಸ ಇಷ್ಟವಾಗಿಬಿಟ್ಟಿತು. ವಾರವೆಲ್ಲ ಅಪಾರ್ಟ್‌ಮೆಂಟುಗಳ ಮಕ್ಕಳಿಗೆ ಸರಳೆವರಸೆ ಹೇಳಿಕೊಟ್ಟು, ಅವರ ತಾಯಂದಿರಿಗೆ ನಗುನಗುತ್ತಾ ಉತ್ತರ ಕೊಟ್ಟು ಬಂದವಳಿಗೆ ಭಾನುವಾರ ಆ ತಂತಿಗಳನ್ನು ಚಚ್ಚುವಾಗ ಮೈ ಹಗುರಾಗುತ್ತಿತ್ತು. ಕಮಾನಿನ ಕೂದಲು ಪಟಪಟ ಕಿತ್ತು ಮುಖದ ಮುಂದೆ ಹಾರಾಡುತ್ತಿದ್ದವು. ಯಾರನ್ನು ಹೊಡೆಯುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾವಿದ್ದದ್ದು ನಾಗಸಂದ್ರದಲ್ಲಿ. ಕೆಳಗೆ ಓನರಮ್ಮನ ಮನೆ, ಮೇಲೆ ಸಾಲಾಗಿ ಬಾಡಿಗೆ ಮನೆಗಳು. ಈಗ ಶೆಡ್ಡುಗಳು ನಿಂತಿರುವ ಜಾಗದಲ್ಲಿ ಓನರಮ್ಮ ರಾಗಿ ಕುಯ್ದವರು. ಈಗಲೂ ಹಸುವೊಂದನ್ನು ಕಟ್ಟಿಕೊಂಡು, ಮೆಟ್ರೋ ಕಂಬದ ಕೆಳಗೆ ಮೇಯಿಸಿಕೊಂಡು ಬರುತ್ತಾರೆ. ಮನೆ ಕೊಡುವಾಗ ನನ್ನ ಪಿಟೀಲಿನ ಪೆಟ್ಟಿಗೆ ನೋಡಿ ಸಂತೋಷಪಟ್ಟಿದ್ದರು. ದೇವರ ನಾಮ ಕೇಳಬಹುದು ಎಂದುಕೊಂಡಿದ್ದಿರಬೇಕು. ಕೇಳಿಸಿದ್ದು ದೆವ್ವದ ಗೋಳು. ಸ್ವಲ್ಪ ದಿನ ಸಹಿಸಿಕೊಂಡು ಒಂದು ಸಂಜೆ ಮೇಲೆ ಬಂದರು.

"ಅಗಲೊತ್ತು ಏನಾರ ಬಾರಿಸ್ಕೊ, ನಾನು ಬ್ಯಾಡ ಅನ್ನಾಕಿಲ್ಲ. ದೀಪ ಅಚ್ಚೋ ಒತ್ನಾಗೆ ಮನೇಲಿ ಅಳೋ ಸದ್ದು ಕೇಳ್ಬಾರ್ದು ಕಣವ್ವಾ. ಲಕ್ಷ್ಮಿ ಬಾಗಿಲ್ಗೆ ಬಂದು ತಿರುಗೋಯ್ತಾಳೆ."

ನಾನು ಒಪ್ಪಿಕೊಂಡೆ. ಸೂರ್ಯ ಮುಳುಗುವ ಮೊದಲೇ ಪಿಟೀಲು ಪೆಟ್ಟಿಗೆ ಸೇರುತ್ತಿತ್ತು. ಕೆಳಗೆ ಅವರು ಗಂಟೆ ಆಡಿಸುವ ಸದ್ದು ಕೇಳುತ್ತಿತ್ತು. ಈ ಕರಾರು ನಮ್ಮಿಬ್ಬರ ನಡುವೆಯೇ ಉಳಿಯಿತು. ನನ್ನ ಗಂಡನಿಗೆ ಅದು ತಿಳಿಯಲಿಲ್ಲ. ಆಗ ಅವನಿಗೆ ಯಾವಾಗಲೂ ಎರಡನೇ ಪಾಳಿ. ಮಧ್ಯಾಹ್ನ ಹೋದರೆ ಅವನು ವಾಪಸು ಬರುವ ಹೊತ್ತಿಗೆ ಓನರಮ್ಮನ ದೀಪ ಆರಿ ಎಷ್ಟೋ ಹೊತ್ತಾಗಿರುತ್ತಿತ್ತು.

ಅವನು ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು. ಗೇಜು ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಮನೆಯಲ್ಲೂ ಅದೇ ಬುದ್ಧಿ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಪಿಟೀಲು ನುಡಿಸುತ್ತಾಳೆ ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಭಾನುವಾರದ ರೆಕಾರ್ಡಿಂಗು ಶುರುವಾದ ಮೇಲೆ ಅವನ ಅಳತೆ ಬದಲಾಯಿತು. ಅಲ್ಲಿ ಯಾರಿದ್ದರು, ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದ್ದರು, ಆ ನಿರ್ದೇಶಕ ಮೆಸೇಜು ಯಾಕೆ ಹಾಕುತ್ತಾನೆ. ಮೊದಲನೇ ಏಟು ಬಿದ್ದದ್ದು ಸಾರಿಗೆ ಉಪ್ಪು ಜಾಸ್ತಿಯಾದ ನೆಪದಲ್ಲಿ. ಆಮೇಲೆ ನೆಪವೂ ಬೇಕಾಗಲಿಲ್ಲ. ಜಡೆ ಹಿಡಿದು ಗೋಡೆಗೆ ಗುದ್ದುತ್ತಿದ್ದ, ಬಿದ್ದರೆ ಪಕ್ಕೆಗೆ ಒದೆಯುತ್ತಿದ್ದ. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ. ಕ್ವಾಲಿಟಿಯವನಲ್ಲವೇ, ಯಾವ ಗಾಯ ಎಲ್ಲಿ ಕಾಣುತ್ತದೆ ಎಂದು ಗೊತ್ತಿತ್ತು.

ಇದೆಲ್ಲ ನಡೆಯುತ್ತಿದ್ದದ್ದು ಬೆಳಗಿನ ಹನ್ನೊಂದರ ಆಸುಪಾಸಿನಲ್ಲಿ, ಹೊರಗೆ ಬಿಸಿಲು ಸುರಿಯುತ್ತಿರುವಾಗ, ತರಕಾರಿ ಗಾಡಿಯವನು ಬೀದಿಯಲ್ಲಿ ಕೂಗುತ್ತಿರುವಾಗ. ನನ್ನ ಅಭ್ಯಾಸದ ಹೊತ್ತೂ ಅದೇ. ಒಂದು ದಿನ ಅವನು ಹೊಡೆದು ಕೆಲಸಕ್ಕೆ ಹೋದ ಮೇಲೆ ಬಟ್ಟೆ ಒಣಹಾಕಲು ಹೊರಗೆ ಬಂದೆ. ಪಕ್ಕದ ಮನೆಯವಳು, ಯಾದಗಿರಿ ಕಡೆಯ ಹೆಂಗಸು, ಬಾಗಿಲಲ್ಲಿ ಕೂತು ಗಾರ್ಮೆಂಟ್ಸಿನ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿಕೊಂಡಳು.

"ಇವತ್ತ ಭಾಳ ಅಂಜಿಕಿ ಬಂತ್ರಿ ಅಕ್ಕಾರ. ಯಾರೋ ಹೆಣ್ಮಗಳು ಖರೇನ ಅತ್ತಂಗ ಆತು. ಎಷ್ಟ ಚಂದ ಬಾರಸ್ತೀರಿ."

ಅವಳ ಕಣ್ಣಿನಲ್ಲಿ ಕುಹಕ ಇರಲಿಲ್ಲ, ನಿಜವಾದ ಮೆಚ್ಚುಗೆ ಇತ್ತು. ಪಿಟೀಲನ್ನು ನಾನು ಆ ದಿನ ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ಅಲ್ಲ ಕಣೇ, ಅದು ನಾನು ಎಂದು ಹೇಳಬೇಕಿತ್ತು. ಮರ್ಯಾದೆ ಎಂಬ ದರಿದ್ರ ವಸ್ತು ಅಡ್ಡ ನಿಂತಿತು. ಥ್ಯಾಂಕ್ಸ್ ಎಂದು ಹೇಳಿ ಒಳಗೆ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಅವಳು ಅದೇ ಹೊಗಳಿಕೆಯನ್ನು ನನ್ನ ಗಂಡನಿಗೂ ಹೇಳಿದಳು. ಅವನು ಮೆಟ್ಟಿಲ ಮೇಲೆ ನಿಂತು ನಕ್ಕದ್ದು ನನಗೆ ಒಳಗೆ ಕೇಳಿಸಿತು.

ಆ ದಿನಗಳಲ್ಲಿ ನಾವು ಒಂದು ಹೊಸ ಸಿನಿಮಾಕ್ಕೆ ತಯಾರಾಗುತ್ತಿದ್ದೆವು. ಅದರ ಮುಖ್ಯ ದೃಶ್ಯದಲ್ಲಿ ಒಬ್ಬ ಹೆಂಗಸನ್ನು ಕೋಣೆಯೊಳಗೆ ಎಳೆದುಕೊಂಡು ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಆಮೇಲೆ ಪರದೆಯ ಮೇಲೆ ಬಾಗಿಲೊಂದೇ. ಒಳಗೆ ಆಗುವುದನ್ನೆಲ್ಲ ತಂತಿಗಳೇ ಹೇಳಬೇಕು. ಏಟು ಬಿದ್ದದ್ದು, ಎಳೆದಾಡಿದ್ದು, ಅವಳು ಕೂಗಿದ್ದು ಎಲ್ಲ ನಮ್ಮ ಕಮಾನಿನಲ್ಲೇ. ಏರುತ್ತಾ ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ಎಲ್ಲ ನಿಲ್ಲುತ್ತದೆ. ಒಂದು ಉದ್ದನೆಯ ಮೌನ. ಎಲ್ಲ ಮುಗಿಯಿತು ಎಂದು ಜನ ಉಸಿರು ಬಿಡುವ ಹೊತ್ತಿಗೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಆಗ ಎಲ್ಲರೂ ಒಟ್ಟಿಗೆ ಅಪ್ಪಳಿಸಬೇಕು. ಸಂಗೀತ ನಿರ್ದೇಶಕ ಕಂಪ್ಯೂಟರಿನಲ್ಲಿ ಇದರ ಡೆಮೊ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದ. ನನಗೆ ಅದು ಬಾಯಿಪಾಠವಾಗಿತ್ತು.

ನನ್ನ ಫೋನು ತಡಕುವಾಗ ಗಂಡನಿಗೆ ಅದು ಸಿಕ್ಕಿತು. ಅವನ ಹತ್ತಿರ ಒಂದು ಬ್ಲೂಟೂತ್ ಸ್ಪೀಕರು ಇತ್ತು, ಕಾರ್ಖಾನೆಯ ಆಯುಧಪೂಜೆಯಲ್ಲಿ ಕೊಟ್ಟದ್ದು. ಅದನ್ನು ಕಿಟಕಿಯ ಮೇಲಿಟ್ಟು, ಸದ್ದು ಪೂರ್ತಿ ಏರಿಸಿ ನನ್ನ ಕಡೆ ತಿರುಗಿದ.

"ಪ್ರಾಕ್ಟೀಸ್ ಶುರು ಮಾಡೋಣ್ವಾ?"

ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಟ್ರ್ಯಾಕು ಹಾಕುವುದು, ಹೊಡೆಯುವುದು. ಬೆಲ್ಟನ್ನೂ ತಾಳಕ್ಕೆ ಸರಿಯಾಗಿ ಬೀಸುತ್ತಿದ್ದ. ಅವನಿಗೂ ಆ ತುಣುಕು ಬಾಯಿಪಾಠವಾಯಿತು. ಎಲ್ಲ ನಿಲ್ಲುವ ಆ ಜಾಗ ಬಂದಾಗ ಅವನೂ ಕೈ ಎತ್ತಿದವನು ಎತ್ತಿದ ಹಾಗೇ ನಿಂತು, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದ. ಮೌನ ಮುಗಿದು ತಂತಿಗಳು ಅಪ್ಪಳಿಸಿದಾಗ ಅವನ ಕೈಯೂ ಇಳಿಯುತ್ತಿತ್ತು. ನಾನು ಸಾಯುತ್ತೇನೆ ಎಂದು ಮೊದಲ ಸಲ ಅನ್ನಿಸಿದ್ದು ಆ ಮೌನದಲ್ಲಿ ಅವನ ಮುಖ ನೋಡಿದಾಗ. ಅವನಿಗೆ ಅದು ಖುಷಿ ಕೊಡುತ್ತಿತ್ತು.

ನಾನು ಅಳುವುದನ್ನು ನಿಲ್ಲಿಸಿದೆ. ನನ್ನ ಅಳು ಅವನ ಹಾಡಿಗೆ ಪಕ್ಕವಾದ್ಯ ಆಗಬಾರದು ಎಂಬ ಹಟ ಬಂತು. ಸೆರಗು ಕಚ್ಚಿಕೊಂಡು ಬಿದ್ದಿರುತ್ತಿದ್ದೆ. ಅದು ಅವನಿಗೆ ಇನ್ನೂ ಸಿಟ್ಟು ತರಿಸಿತು. ಅಳದವಳ ಪೊಗರು ಕೈಯಲ್ಲಿದೆ ಎಂದು ತೀರ್ಮಾನ ಮಾಡಿದ. ಬೆರಳು ಮುರಿದರೆ ಯಾವ ಪಿಟೀಲು ಹಿಡಿಯುತ್ತಾಳೋ, ಯಾವ ಭಾನುವಾರ ಹೋಗುತ್ತಾಳೋ ನೋಡುತ್ತೇನೆ ಎಂದು ತಾನೇ ಮಾತಾಡಿಕೊಂಡಂತೆ ಹೇಳುತ್ತಿದ್ದ. ನನಗೆ ಹೆದರಿಕೆ ಕೂತದ್ದು ಆ ಮಾತಿಗೆ. ಪಕ್ಕೆಯ ನೋವು ಮಾಯುತ್ತದೆ. ಈ ಎಡಗೈ ಹೋದರೆ ನನಗೆ ಆ ಮನೆಯಿಂದ ಹೊರಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ.

ಕಾರ್ಖಾನೆಯಲ್ಲಿ ಪಾಳಿ ಬದಲಾಯಿತು. ಅವನು ಬೆಳಿಗ್ಗೆ ಹೋಗಿ ಸಂಜೆಗೇ ಮನೆಗೆ ಬರತೊಡಗಿದ. ಒಂದು ಸಂಜೆ ನಾನು ಅಭ್ಯಾಸ ಮುಗಿಸಿ ಪೆಟ್ಟಿಗೆ ಮುಚ್ಚಿ, ಬೀರುವಿನೊಳಗೆ ಇಡುತ್ತಿದ್ದೆ. ಅವನು ಹಿಂದಿನಿಂದ ಬಂದು ನನ್ನ ಎಡಗೈ ಹಿಡಿದ. ನಿರ್ದೇಶಕನ ಮೆಸೇಜು ಬಂದಿತ್ತಂತೆ, ಈ ಭಾನುವಾರ ರೆಕಾರ್ಡಿಂಗು, ತಪ್ಪಿಸಬೇಡಿ ಎಂದು. ಅವನು ಫೋನು ಒತ್ತಿದ. ಕಿಟಕಿಯ ಮೇಲೆ ಟ್ರ್ಯಾಕು ಶುರುವಾಯಿತು. ನನ್ನ ಕೈಯನ್ನು ಕಬ್ಬಿಣದ ಬೀರುವಿನ ಬಾಗಿಲ ಸಂದಿಗೆ ತುರುಕಿ, ಬಾಗಿಲಿಗೆ ಮೊಣಕಾಲು ಕೊಟ್ಟು ಒತ್ತಿದ.

ಕಿರುಬೆರಳು ಲಟಕ್ಕೆಂದದ್ದು ಟ್ರ್ಯಾಕಿನ ಗದ್ದಲದಲ್ಲೂ ಕೇಳಿಸಿತು. ಕಣ್ಣು ಕತ್ತಲೆ ಬಂತು. ಬಾಯಲ್ಲಿ ಸೆರಗು ಇತ್ತು. ಆಗ ಕಿಟಕಿಯ ಆಚೆ ನೋಡಿದೆ. ಆಕಾಶ ಕೆಂಪಗಿತ್ತು. ಮೆಟ್ರೋ ಕಂಬಗಳ ಮೇಲೆ ಲೈಟು ಹತ್ತಿಕೊಳ್ಳುತ್ತಿದ್ದವು. ಕೆಳಗೆ ಓನರಮ್ಮನ ಗಂಟೆ ಆಡಲು ಶುರುವಾಗಿತ್ತು, ಒಮ್ಮೆಲೇ ನಿಂತಿತು.

ಅವರು ಬರುತ್ತಾರೆ ಎಂದು ನನಗೆ ಗೊತ್ತಾಯಿತು. ನನ್ನನ್ನು ಬಿಡಿಸಲು ಅಲ್ಲ, ಬೈಯಲು ಬರುತ್ತಾರೆ. ದೀಪದ ಹೊತ್ತಿನಲ್ಲಿ ಪಿಟೀಲು ಅಳಿಸಿದೆನೆಂದು ಮೆಟ್ಟಿಲು ಹತ್ತುತ್ತಾರೆ. ಬಾಗಿಲಿಗೆ ಬಂದು ಎರಡು ಮಾತು ಬೈದರೆ ಇವನು ಒಳಗಿನಿಂದಲೇ ಸಾರಿ ಅಮ್ಮಾ ಎಂದು ಹೇಳಿ, ಟ್ರ್ಯಾಕು ಆರಿಸಿ, ಅವರು ಇಳಿದು ಹೋಗುವವರೆಗೆ ನನ್ನ ಬಾಯಿ ಮುಚ್ಚಿ ಹಿಡಿಯುತ್ತಾನೆ. ಅಷ್ಟೇ ಆಗುತ್ತದೆ. ಅಷ್ಟಾಗಲು ಬಿಡಬಾರದು. ನನ್ನ ಕಿವಿ ಟ್ರ್ಯಾಕನ್ನು ಹಿಡಿದುಕೊಂಡಿತು. ತಂತಿಗಳು ಏರುತ್ತಿದ್ದವು. ಆ ಜಾಗ ಹತ್ತಿರ ಬರುತ್ತಿತ್ತು. ನಾನು ಸೆರಗನ್ನು ಉಗಿದು ಉಸಿರು ತುಂಬಿಕೊಂಡೆ.

ಎಲ್ಲ ನಿಂತಿತು. ಅವನು ಎಂದಿನಂತೆ ಬೆರಳನ್ನು ತುಟಿಗೆ ಇಟ್ಟ. ಆ ಮೌನದೊಳಕ್ಕೆ ನಾನು ಕಿರುಚಿದೆ. ಅಷ್ಟು ದಿನ ನುಂಗಿದ್ದೆಲ್ಲ ಒಂದೇ ಸಲಕ್ಕೆ ಬಂತು. ಅದು ಹಾಡಲ್ಲ, ಸ್ವರವಲ್ಲ, ಗಂಟಲು ಹರಿದು ರಕ್ತದ ರುಚಿ ಬಾಯಿಗೆ ಬಂತು. ಅವನು ಬೆಚ್ಚಿಬಿದ್ದ. ಬಾಯಿ ಮುಚ್ಚಲು ಬಂದ ಅವನ ಕೈಯನ್ನು ಕಚ್ಚಿದೆ. ಹಲ್ಲಿಗೆ ಮೂಳೆ ತಾಗುವವರೆಗೆ ಕಚ್ಚಿದೆ, ಬಿಟ್ಟು ಮತ್ತೆ ಕಿರುಚಿದೆ.

ನಮ್ಮ ಬಾಗಿಲಿನ ಚಿಲಕ ಸಡಿಲವಾಗಿತ್ತು. ಸರಿಮಾಡಿಸಿಕೊಡಿ ಎಂದು ಎಷ್ಟು ಸಲ ಕೇಳಿದರೂ ಓನರಮ್ಮ ನಾಳೆ ನಾಡಿದ್ದು ಎಂದು ಮುಂದೆ ಹಾಕುತ್ತಲೇ ಬಂದಿದ್ದರು. ಈಗ ಅವರು ಭುಜ ಕೊಟ್ಟ ಒಂದೇ ಏಟಿಗೆ ಅದು ಕಿತ್ತು ಬಂತು. ಕೈಯಲ್ಲಿ ದೀಪಕ್ಕೆ ಎಣ್ಣೆ ಹಾಕುವ ಹಿತ್ತಾಳೆಯ ಗಿಂಡಿ ಹಾಗೇ ಇತ್ತು. ನನ್ನ ಕೈ ಬೀರುವಿನ ಸಂದಿಯಲ್ಲಿ ಇರುವುದನ್ನು ನೋಡಿದರು, ಅವನ ಮೊಣಕಾಲು ಬಾಗಿಲ ಮೇಲಿರುವುದನ್ನು ನೋಡಿದರು. ಆ ಗಿಂಡಿಯಿಂದ ಅವನ ತಲೆಗೆ ಬಾರಿಸಿದರು. ಎಣ್ಣೆ ಗೋಡೆಗೆಲ್ಲ ಹಾರಿತು. ಅವನು ತಿರುಗಿದಾಗ ಇನ್ನೊಂದು ಬಿತ್ತು, ಕೆನ್ನೆ ಸೀಳಿತು. ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ದೊಪ್ಪನೆ ಬಿದ್ದ. ಅಷ್ಟರಲ್ಲಿ ಸ್ಪೀಕರಿನಲ್ಲಿ ತಂತಿಗಳು ಅಪ್ಪಳಿಸಿದವು. ನಾನು ಕೈ ಬಿಡಿಸಿಕೊಂಡು, ಬಲಗೈಯಿಂದ ಆ ಸ್ಪೀಕರನ್ನೇ ಎತ್ತಿ ಅವನ ಮೂತಿಗೆ ಬಡಿದೆ. ಅದು ಹಾಡುವುದನ್ನು ನಿಲ್ಲಿಸುವವರೆಗೆ ಬಡಿದೆ. ನನಗೆ ಪಶ್ಚಾತ್ತಾಪವಿಲ್ಲ.

ಓನರಮ್ಮ ಅವನ ಎದೆಯ ಮೇಲೆ ಕಾಲಿಟ್ಟು ನಿಂತು ಏದುಸಿರು ಬಿಡುತ್ತಿದ್ದರು.

"ನನ್ ಮನೇಲಿ ದೀಪದ ಒತ್ನಾಗೆ ಎಣ್ಣು ಅಳಂಗಿಲ್ಲ ಕಣ್ಲಾ."

ಅವರ ಗಂಡುಮಕ್ಕಳು ಬಂದು ಅವನನ್ನು ಎಳೆದುಕೊಂಡು ಇಳಿಸಿದರು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನನಗಿಂತ ಹೆಚ್ಚು ಅತ್ತಳು. ಅವಳ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತೇ ಇಳಿಯಿತು. ಆಸ್ಪತ್ರೆ, ಪೊಲೀಸು, ಕೇಸು ಎಲ್ಲ ಆಯಿತು, ಆಗುತ್ತಲೂ ಇದೆ. ಅವನು ಜಾಮೀನಿನ ಮೇಲೆ ಊರಿಗೆ ಹೋದ. ಕೆನ್ನೆಯ ಮೇಲಿನ ಗೆರೆ ಉಳಿದಿದೆಯಂತೆ, ಎಲ್ಲರಿಗೂ ಕಾಣುವ ಜಾಗದಲ್ಲಿ. ಕೇಳಿ ಸಂತೋಷವಾಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಓನರಮ್ಮ ಹೇಳಿದ್ದು ಇಷ್ಟು: ಅವರು ಬೈಯಲೆಂದೇ ಮೆಟ್ಟಿಲು ಹತ್ತಿದ್ದರು, ಏನೇನು ಬೈಯಬೇಕು ಎಂದು ಜೋಡಿಸಿಕೊಂಡೂ ಇದ್ದರು. ಅರ್ಧ ಮೆಟ್ಟಿಲಿಗೆ ಬಂದಾಗ ಸದ್ದು ನಿಂತಿತು, ಸರಿ, ಬುದ್ಧಿ ಬಂತು ಎಂದು ತಿರುಗಿದ್ದರು. "ಪಿಟೀಲು ನಿಂತ್ಕಂತು, ಅಳು ನಿಲ್ನಿಲ್ಲ. ಅವಾಗ ಗೊತ್ತಾಯ್ತು ನಂಗೆ." ಇದನ್ನು ಹೇಳಿ ತಮ್ಮ ಕೈಗಳನ್ನು ನೋಡಿಕೊಂಡರು. ಬೆಳಗಿನ ಹೊತ್ತು ಪಿಟೀಲೆಂದು ಕೇಳಿಸಿಕೊಂಡದ್ದೆಲ್ಲ ಅವರಿಗೆ ಆಗ ನೆನಪಾಗುತ್ತಿತ್ತೇನೋ.

ಬೆರಳಿನ ಪಟ್ಟಿ ಬಿಚ್ಚುವ ಮೊದಲೇ ನಾನು ರೆಕಾರ್ಡಿಂಗಿಗೆ ಹೋದೆ. ಕರ್ನಾಟಕ ಸಂಗೀತದವರು ಕಿರುಬೆರಳನ್ನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ, ಮೂರು ಬೆರಳಲ್ಲಿ ಸಂಸಾರ ತೂಗಿಸುತ್ತೇವೆ. ಏನಾಯಿತು ಎಂದು ನಿರ್ದೇಶಕ ಕೇಳಿದ. ಬಾಗಿಲು ತಾಗಿತು ಎಂದು ಹೇಳುವ ಕಾಲ ಮುಗಿದಿತ್ತು. ಎಲ್ಲವನ್ನೂ ಹೇಳಿದೆ, ಟ್ರ್ಯಾಕಿನ ವಿಷಯವನ್ನೂ. ಅವನ ಮುಖ ಬಿಳಿಚಿಕೊಂಡಿತು. ಆ ತುಣುಕನ್ನೇ ತೆಗೆದುಹಾಕುತ್ತೇನೆ ಮೇಡಂ ಎಂದ. ಬೇಡ ಎಂದೆ. ಅದನ್ನು ನಾನು ನುಡಿಸಬೇಕಿತ್ತು, ಗಂಡನ ಕೈಯಿಂದ ಕಿತ್ತುಕೊಂಡು ನನ್ನ ಕೈಗೆ ತಂದುಕೊಳ್ಳಬೇಕಿತ್ತು. ಆ ಭಾನುವಾರ ನಾನು ಕಮಾನಿನ ಅರ್ಧ ಕೂದಲು ಕಿತ್ತುಹಾಕಿದೆ.

ಕೊನೆಯಲ್ಲಿ ಒಂದು ತಕರಾರು ಬಂತು. ಸಿನಿಮಾದವರಿಗೆ ಆ ಮೌನ ಉದ್ದವಾಯಿತಂತೆ, ಜನ ಫೋನು ತೆಗೆಯುತ್ತಾರಂತೆ. ಅಲ್ಲಿ ಒಂದು ಒಂಟಿ ಪಿಟೀಲಿನ ಕಿರುಚಾಟ ಹಾಕಿಬಿಡಿ ಎಂದಿದ್ದರು. ನಿರ್ದೇಶಕ ನನ್ನ ಮುಖ ನೋಡದೆ ಆ ಹಾಳೆಯನ್ನು ನನ್ನ ಮುಂದಿಟ್ಟ. ನಾನು ಪಿಟೀಲನ್ನು ತೊಡೆಯ ಮೇಲೆ ಇಳಿಸಿದೆ.

"ಖಾಲಿ ಬಿಡಿ ಸಾರ್. ಒಳಗಡೆ ಏನಾಗ್ತಿದೆ ಅಂತ ಜನ ಒಂದ್ಸಲ ಕಿವಿ ಕೊಡ್ಲಿ."

ಅವನು ಯಾರ ಯಾರ ಜೊತೆ ಜಗಳ ಆಡಿದನೋ, ಜಾಗ ಖಾಲಿಯಾಗಿಯೇ ಉಳಿಯಿತು.

ಸಿನಿಮಾ ಬಂದಾಗ ಓನರಮ್ಮ ತಾವೂ ಬರುತ್ತೇನೆ ಎಂದರು. ಜೀವಮಾನದಲ್ಲಿ ದೆವ್ವದ ಸಿನಿಮಾ ನೋಡಿದವರಲ್ಲ. ಮಧ್ಯಾಹ್ನದ ಆಟಕ್ಕೆ ಹೋದೆವು, ದೀಪದ ಹೊತ್ತಿಗೆ ವಾಪಸು ಬರಬೇಕಲ್ಲ. ಸೆರಗಿನ ಗಂಟಿನಲ್ಲಿ ಹುರಿದ ಕಡಲೆಕಾಯಿ ತಂದಿದ್ದರು. ದೆವ್ವ ಬಂದಾಗಲೆಲ್ಲ ಅದು ಸೀರೆ ಉಟ್ಟ ಚಂದ ನೋಡಿ ನಕ್ಕರು.

ಆ ದೃಶ್ಯ ಬಂತು. ಹೆಂಗಸನ್ನು ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿತು. ತಂತಿಗಳು ಏರತೊಡಗಿದವು. ನನ್ನ ಏಟು ಯಾವುದು, ಪಕ್ಕದವರದು ಯಾವುದು ಎಂದು ನನಗೆ ಗೊತ್ತಾಗುತ್ತಿತ್ತು. ಓನರಮ್ಮ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಎಲ್ಲ ನಿಂತಿತು. ಇಡೀ ಟಾಕೀಸಿನಲ್ಲಿ ಉಸಿರಿನ ಸದ್ದಿಲ್ಲ. ಕತ್ತಲೆಯಲ್ಲಿ ಅವರು ನನ್ನ ಕಡೆ ತಿರುಗಿ, ಕಿರುಬೆರಳು ಸೊಟ್ಟಗಿರುವ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು, ಆ ಮೌನಕ್ಕೆ ಕಿವಿಗೊಟ್ಟು ಕೂತರು. ಪರದೆಯನ್ನು ಅವರು ನೋಡಲಿಲ್ಲ, ನನ್ನ ಬಾಯಿಯನ್ನು ನೋಡುತ್ತಿದ್ದರು. ಬಾಗಿಲು ತೆರೆದು ತಂತಿಗಳು ಅಪ್ಪಳಿಸಿದಾಗ ಎಲ್ಲರೂ ಕಿರುಚಿದರು, ನಾವಿಬ್ಬರು ಕಿರುಚಲಿಲ್ಲ.

"ಇದು ಪಿಟೀಲೇ ತಾನೇ ಮಗಳೇ?" ಎಂದು ಕಿವಿಯ ಹತ್ತಿರ ಬಂದು ಕೇಳಿದರು.

ಪಿಟೀಲೇ ಅಮ್ಮಾ ಎಂದೆ. ಆದರೂ ಅವರು ಸಿನಿಮಾ ಮುಗಿಯುವವರೆಗೆ ಕೈ ಬಿಡಲಿಲ್ಲ.